ಸಿಂಹವು ಯಾವ ನುಡಿಯಲ್ಲಿ ಗರ್ಜಿಸಬೇಕು?

ಗೆರೆಬಣ್ಣಗಳಿಂದ ಬರೆದ ಗೊಂಬೆಗಳನ್ನು ತೆರೆಯ ಮೇಲೆ ಕುಣಿಸಿ ಮಕ್ಕಳ ಮನಸ್ಸನ್ನು ಸೂರೆಗೊಂಡ ಹಳೆಯ ಅದ್ಭುತ ಕಥೆಗಳನ್ನು, ನಿಜವಾದ ನಟರನ್ನೂ ನಿಜದಂತೆ ತೋರುವ ಮೃಗಪಕ್ಷಿಗಳನ್ನೂ ಇಟ್ಟುಕೊಂಡು ಮರಳಿ ಚಿತ್ರಿಸುವ ಪದ್ಧತಿಯು ಅಮೆರಿಕೆಯಲ್ಲಿ ಬಲವಾಗಿ ಬೇರೂರಿದೆ. 1937ರಲ್ಲಿ ವಾಲ್ಟ್ ಡಿಸ್ನಿಯವರು ಹೊರತಂದ ‘ಸ್ನೋ ವೈಟ್’ ಕಥೆಯು 2025ರಲ್ಲಿ ಈ ಹೊಸ ವೇಷವನ್ನು ತೊಟ್ಟಿತು. 1967ರ ‘ಜಂಗಲ್ ಬುಕ್’ 2016ರಲ್ಲಿಯೂ, 1994ರ ‘ಲಯನ್ ಕಿಂಗ್’ 2019ರಲ್ಲಿಯೂ ಹೀಗೆಯೇ ಪುನರ್ಜನ್ಮವನ್ನೆತ್ತಿದುವು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯ ಮನೆಗಳಲ್ಲಿಯೂ ಮಳೆಗಾಲದ ಸಂಜೆಗಳಲ್ಲಿ ಮಕ್ಕಳು ಟೀವಿಯ ಮುಂದೆಯೋ ಮೊಬೈಲನ್ನು ಹಿಡಿದೋ ಇಂಥವನ್ನೇ ನೋಡುತ್ತಿರುವರು. ಆದುದರಿಂದ ಇದು ಪರದೇಶದವರ ಗೊಡವೆಯೆಂದು ನಾವು ಸುಮ್ಮನಿರುವಂತಿಲ್ಲ.

ಬರೆದ ಚಿತ್ರವು ಮೇಲೋ, ಹೊಸ ಚಿತ್ರವು ಮೇಲೋ ಎಂಬ ಚರ್ಚೆಯು ಎಲ್ಲೆಡೆಯೂ ನಡೆದಿದೆ. 2019ರ ಸಿಂಹದ ಚಿತ್ರವನ್ನು ‘ಸಜೀವ’ವೆಂದು ಕರೆದರೂ ಅದರಲ್ಲಿ ಜೀವವಿರುವ ಒಂದು ಸಿಂಹವೂ ಇರಲಿಲ್ಲ, ಕ್ಯಾಮೆರಾದಿಂದ ನೇರವಾಗಿ ಹಿಡಿದ ಒಂದೇ ಒಂದು ನೋಟದ ಹೊರತು ಮಿಕ್ಕುದೆಲ್ಲವೂ ಕಂಪ್ಯೂಟರಿನ ಸೃಷ್ಟಿ. ಕೇಸರದ ಕೂದಲನ್ನು ಎಣಿಸಬಹುದಾಗಿದ್ದಿತು. ಆದರೆ ತಂದೆಯನ್ನು ಕಳೆದುಕೊಂಡ ಮರಿಯ ಮುಖದಲ್ಲಿ ದುಃಖವು ಕಾಣಲಿಲ್ಲವೆಂದು ನೋಡಿದವರು ಅನೇಕರು ಹೇಳಿದರು. ಬರೆದ ಸಿಂಹಕ್ಕೆ ಹುಬ್ಬನ್ನು ಗಂಟಿಕ್ಕುವ ಸ್ವಾತಂತ್ರ್ಯವಿದ್ದಿತು. ನಿಜವನ್ನು ಹೋಲಲೇಬೇಕಾದ ಸಿಂಹಕ್ಕೆ ಆ ಸ್ವಾತಂತ್ರ್ಯವು ತಪ್ಪಿಹೋಯಿತು.

ಮಲೆನಾಡಿನವರಿಗೆ ಈ ಮಾತು ಹೊಸದಲ್ಲ. ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯಿಟ್ಟ ಬಣ್ಣದ ವೇಷವು ರಾಳದ ಪುಡಿಯ ಬೆಂಕಿಯ ನಡುವೆ ರಂಗಕ್ಕೆ ನುಗ್ಗಿದಾಗ, ಮುಂದೆ ಕುಳಿತ ಮಗುವು ತಾಯಿಯ ಸೆರಗನ್ನು ಹಿಡಿದುಕೊಳ್ಳುವುದು. ಆ ವೇಷವು ಲೋಕದ ಯಾವ ಪ್ರಾಣಿಯ ಪಡಿಯಚ್ಚೂ ಅಲ್ಲ. ಆದರೂ ಅದಕ್ಕೆ ಜೀವವಿದೆ. ಏಕೆ? ಆ ವೇಷಧಾರಿಯು ಬಾಯಿ ತೆರೆದಾಗ ಬರುವ ನುಡಿಯು ಮುಂದೆ ಕುಳಿತ ಮಗುವಿಗೆ ನೇರವಾಗಿ ತಾಗುವ ನುಡಿಯಾದುದರಿಂದ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಎಷ್ಟು ಮಂದಿ ಬಯಲಾಟದ ಮುಂದೆ ಕುಳಿತೇ ಒಳ್ಳೆಯ ಕನ್ನಡವನ್ನು ಕಲಿತಿಲ್ಲ! ಕಥೆಯ ಪ್ರಾಣವಿರುವುದು ಚರ್ಮದಲ್ಲಲ್ಲ, ನುಡಿಯಲ್ಲಿ. ನಮ್ಮ ಮಕ್ಕಳಿಗೆ ತಪ್ಪಿಹೋಗಿರುವುದು ಈ ಪ್ರಾಣವೇ.

2016ರ ‘ಜಂಗಲ್ ಬುಕ್’ ಚಿತ್ರದ ಸಂಗತಿಯನ್ನೇ ನೋಡಿರಿ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗರು ಮಧ್ಯಪ್ರಾಂತದ ಸಿವನಿಯ ಕಾಡನ್ನು ನೆಲೆಯಾಗಿಸಿ 1894ರಲ್ಲಿ ಪ್ರಕಟಿಸಿದ ಕಥೆಯದು. ಆ ಚಿತ್ರವು ಅಮೆರಿಕಕ್ಕಿಂತ ಒಂದು ವಾರ ಮೊದಲೇ ಭಾರತದಲ್ಲಿ ತೆರೆ ಕಂಡಿತು. ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತು. 2019ರ ಸಿಂಹವೂ ಈ ನಾಲ್ಕು ಭಾಷೆಗಳಲ್ಲಿಯೇ ಗರ್ಜಿಸಿತು. ಕನ್ನಡನಾಡಿನ ಚಿತ್ರಮಂದಿರಗಳಿಗೆ ಬಂದ ಭಾರತದ ಕರಡಿ, ಭಾರತದ ಹುಲಿಗಳು ಕನ್ನಡದ ಕೂಸಿನೊಡನೆ ಕನ್ನಡವೊಂದನ್ನು ಬಿಟ್ಟು ಬೇರೆಲ್ಲ ಭಾಷೆಗಳನ್ನೂ ಆಡಿದುವು!

ಇದಕ್ಕೆ ಹೊರಗಿನವರನ್ನು ಮಾತ್ರ ದೂರಿ ಫಲವಿಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿಯನ್ನು ಕೊಡಕೂಡದೆಂಬ ಡಬ್ಬಿಂಗ್ ವಿರೋಧವು 1960ರ ದಶಕದಲ್ಲಿ ನಮ್ಮಲ್ಲಿಯೇ ಹುಟ್ಟಿ ಬಹುಕಾಲ ನಡೆದುಬಂದಿತು. ಅಂದಿನ ಹಿರಿಯರ ಉದ್ದೇಶವು ಸಾಧುವಾದುದೇ. ಕನ್ನಡ ಚಿತ್ರರಂಗವು ಎಳೆಯ ಸಸಿಯಾಗಿದ್ದಾಗ ಅದಕ್ಕೆ ಬೇಲಿಯು ಬೇಕಾಗಿದ್ದಿತು. ಆ ಬೇಲಿಯ ಮರೆಯಲ್ಲಿ ನಮ್ಮ ಕಲಾವಿದರು ಬಾಳಿ ಬೆಳೆದರೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಸಸಿಯು ಮರವಾದ ಮೇಲೂ ಬಿಗಿದ ಬೇಲಿಯು ಕಾಂಡವನ್ನೇ ಕೊರೆಯುವುದೆಂಬುದು ತೋಟಗಾರರಿಗೆಲ್ಲ ಗೊತ್ತಿರುವ ಸಂಗತಿ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಈ ತಡೆಯು ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿತು. 2022ರಲ್ಲಿ ‘ಅವತಾರ್’ ಚಿತ್ರದ ಎರಡನೆಯ ಭಾಗವು ಕನ್ನಡದಲ್ಲಿಯೂ ಬಂದಿತು. ಅದರಿಂದ ಕನ್ನಡ ಚಿತ್ರರಂಗವೇನೂ ಮುಳುಗಲಿಲ್ಲ.

ಮಕ್ಕಳಿಗೆ ಇಂಗ್ಲಿಷು ಬರುವುದಲ್ಲ, ಕನ್ನಡವೇಕೆಂದು ನಮ್ಮ ಪಟ್ಟಣದ ಕೆಲವು ಮಹನೀಯರು ಕೇಳಬಹುದು. ಯಾರ ಮಕ್ಕಳಿಗೆ, ಸ್ವಾಮಿ? ತೋಟದ ಲೈನುಮನೆಗಳಿಂದ ಸರ್ಕಾರಿ ಶಾಲೆಗೆ ನಡೆದುಹೋಗುವ ಮಗುವಿಗೆ ಬರುವುದೆ? ಅದಕ್ಕೆ ಚಿತ್ರವು ಬರಿಯ ಬಣ್ಣದ ಓಟ. ಇನ್ನು ಇಂಗ್ಲಿಷು ಬರುವ ಮಗುವು, ಅದ್ಭುತವೆಂಬುದು ಕನ್ನಡದಲ್ಲಿ ಇರಲಾರದೆಂದು ಎಳವೆಯಲ್ಲಿಯೇ ನಂಬಿಬಿಡುವುದು. ಈ ಎರಡನೆಯ ನಷ್ಟವು ಮೊದಲನೆಯದಕ್ಕಿಂತಲೂ ದೊಡ್ಡದು. ಬೆಳೆದ ಮೇಲೆ ಅದನ್ನು ತುಂಬಿಕೊಡಲು ಯಾವ ರಾಜ್ಯೋತ್ಸವದ ಭಾಷಣಕ್ಕೂ ಸಾಧ್ಯವಾಗದು.

ಹಾಗೆಂದು ಪರರ ಕಥೆಗಳಿಗೆ ಕಂಠವನ್ನು ಕೊಟ್ಟಮಾತ್ರಕ್ಕೆ ನಮ್ಮ ಕರ್ತವ್ಯವು ಮುಗಿಯದು. ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು 2025ರಲ್ಲಿ ತೆರೆಗೆ ತಂದ ‘ಮಹಾವತಾರ ನರಸಿಂಹ’ವು ಆನಿಮೇಷನ್ ಚಿತ್ರವಾಗಿದ್ದು ಕನ್ನಡದಲ್ಲಿಯೂ ನುಡಿಯಿತು, ಬಯಲಾಟದಲ್ಲಿ ತಲೆಮಾರುಗಳಿಂದ ನಡೆದಾಡಿದ ಪ್ರಹ್ಲಾದನು ಬರೆದ ಚಿತ್ರವಾಗಿ ಮಕ್ಕಳ ಬಳಿಗೆ ಬಂದನು. ನಮ್ಮ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯನ್ನು ಆಧರಿಸಿದ ಚಿತ್ರಕ್ಕೆ 1986ರ ಸಾಲಿನ ಸ್ವರ್ಣಕಮಲವು ದೊರೆಯಿತು, ಅವರ ಓದುಗರೇ ಹಣವನ್ನು ಕೂಡಿಸಿದುದರಿಂದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ತೆರೆಗೆ ಬಂದಿತು. ಅವರ ‘ಕರ್ವಾಲೊ’ ಕಾದಂಬರಿಯ ಹಾರುವ ಓತಿಯು ಬರಿಯ ಕಲ್ಪನೆಯಲ್ಲ. ಪಶ್ಚಿಮಘಟ್ಟದ ಮರಗಳಲ್ಲಿ ಇಂದಿಗೂ ಹಾರುತ್ತಿರುವ ಜೀವಿ. ಬೆಂಕಿಯುಗುಳುವ ವಿದೇಶದ ಡ್ರ್ಯಾಗನ್ನಿಗೆ ಬೆರಗಾಗುವ ಮಗುವಿಗೆ ಈ ಪುಟ್ಟ ರೆಕ್ಕೆಯ ಪ್ರಾಣಿಯನ್ನು ನಾವೇಕೆ ಬರೆದು ತೋರಿಸಬಾರದು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇನ್ನೆಷ್ಟು ಕಾಲ ನಿಜಮಾಡುತ್ತ ಕೂಡೋಣ?

ನಾವು ಬೇಡುವುದು ಅಸಾಧ್ಯವಾದುದನ್ನಲ್ಲ. ಆನಿಮೇಷನ್ ಉದ್ಯಮಕ್ಕೆಂದು ಕರ್ನಾಟಕ ಸರ್ಕಾರದವರು 2012ರಲ್ಲಿಯೇ ಒಂದು ನೀತಿಯನ್ನೂ, 2024ರಲ್ಲಿ ಹೊಸದೊಂದನ್ನೂ ಪ್ರಕಟಿಸಿದರು. ಉದ್ಯೋಗ, ಬಂಡವಾಳಗಳ ಮಾತು ಇರಲಿ. ಅದರ ನೆರವಿನಲ್ಲಿ ಒಂದು ಪಾಲು ಕನ್ನಡದ ಮಕ್ಕಳ ಚಿತ್ರಗಳಿಗೆ ಮೀಸಲಾಗಲಿ. ಹೊರಗಿನಿಂದ ಬರುವ ಮಕ್ಕಳ ಚಿತ್ರಗಳಿಗೆ ಕನ್ನಡದ ಧ್ವನಿಯನ್ನು ವಿತರಕರಿಂದ ಕೇಳಿ ಪಡೆಯುವ ಹೊಣೆಯನ್ನು ವಾಣಿಜ್ಯ ಮಂಡಳಿಯವರು ಹೊರಲಿ. ಆ ಧ್ವನಿಗಾಗಿ ಯಕ್ಷಗಾನದ ಅರ್ಥಧಾರಿಗಳನ್ನೂ ರಂಗನಟರನ್ನೂ ಕರೆಯಲಿ. ಆಗ ಕಲಾವಿದರ ಅನ್ನಕ್ಕೂ ದಾರಿಯಾಗುವುದು, ಅರೆ ಇಂಗ್ಲಿಷಿನ ಕನ್ನಡವೂ ತಪ್ಪುವುದು. ತಂದೆತಾಯಿಗಳಾದರೋ ಟಿಕೀಟಿನ ಕಿಟಕಿಯಲ್ಲಿ “ಕನ್ನಡದಲ್ಲಿ ಇದೆಯೆ?” ಎಂದು ಪ್ರತಿಯೊಂದು ಸಲವೂ ಕೇಳಲಿ. ಕೇಳದವರಿಗೆ ಯಾವ ವ್ಯಾಪಾರಿಯೂ ಸರಕನ್ನು ತಂದಿಡಲಾರನು.

ಸಿಂಹವನ್ನು ಗೆರೆಯಲ್ಲಿ ಬರೆಯಲಿ, ಯಂತ್ರದಲ್ಲಿ ಎರಕ ಹೊಯ್ಯಲಿ. ಅದು ಕಲಾವಿದರ ಇಷ್ಟ. ಆದರೆ ಈ ಬೆಟ್ಟಗಳ ಮಗುವಿನ ಮುಂದೆ ಬಂದು ನಿಂತಾಗ ಅದು ಕನ್ನಡದಲ್ಲಿ ಗರ್ಜಿಸಲಿ.