ಟೆಕ್ಕಿಗಳ ಜೋಕು ಯಾರಿಗೆ ಕೇಳಬೇಕು?

ಸಾಫ್ಟ್‌ವೇರ್ ಕೆಲಸದವರು ತಮ್ಮ ಕೆಲಸವನ್ನು ಗೇಲಿ ಮಾಡಿಕೊಳ್ಳುವಷ್ಟು ಬೇರೆ ಕಸುಬಿನವರು ಮಾಡಿಕೊಳ್ಳಲಾರರೇನೋ. ಹೊಸ ತಂತ್ರಜ್ಞಾನದ ಸುದ್ದಿ ಬೆಳಿಗ್ಗೆ ಬಂದರೆ ಸಂಜೆಯೊಳಗೆ ಅದರ ಮೇಲೊಂದು ಮೀಮ್. ಕಂಪನಿಯ ದೊಡ್ಡವರು ಯಾರಾದರೂ ಇನ್ನೂ ಹೆಚ್ಚು ದುಡಿಯಿರಿ ಎಂದರೆ ಬೆಳಗಾಗುವುದರೊಳಗೆ ನೂರು ಜೋಕು. ಇಂಟರ್‌ವ್ಯೂ, ಅಪ್ರೈಸಲ್, ಪ್ರಾಜೆಕ್ಟ್ ಇಲ್ಲದೆ ಕಾಯುವ ಬೆಂಚ್, ನೋಟಿಸ್ ಪೀರಿಯಡ್ಡುಗಳಂತೂ ಎಂದೂ ಮುಗಿಯದ ಸರಕು. ಹೊರಗಿನವರು ಇದನ್ನು ಹೊಟ್ಟೆ ತುಂಬಿದವರ ಕಾಲಹರಣ ಎನ್ನುತ್ತಾರೆ. ಒಳಗಿನವರು ಒತ್ತಡ ಇಳಿಸಿಕೊಳ್ಳುವ ದಾರಿ ಎನ್ನುತ್ತಾರೆ. ಎರಡೂ ಅರ್ಧ ಮಾತು. ಆ ಉದ್ಯಮದ ಒಳಗಿನ ಬದುಕಿನ ಬಗ್ಗೆ ನಮಗೆ ಸಿಗುವ ಅತಿ ನಂಬಿಕಸ್ಥ ಸಾಕ್ಷ್ಯ ಈ ಜೋಕುಗಳೇ. ಆದರೆ ಅದು ಯಾರಿಗೆ ತುರ್ತಾಗಿ ಬೇಕೋ ಅವರ ಕಿವಿಗೆ ಬೀಳುತ್ತಿಲ್ಲ, ಯಾರ ಮುಂದೆ ಇಡಬೇಕೋ ಅವರ ಮುಂದೆ ಇಡುತ್ತಲೂ ಇಲ್ಲ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಿಡುಗಲ್ ಸೀಮೆಯಲ್ಲಿ ನಿಂತು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ.

ಮೊದಲು ಸಾಕ್ಷ್ಯದ ಮಾತು. ಶುಕ್ರವಾರ ಹೊಸ ಕೋಡನ್ನು ಪ್ರೊಡಕ್ಷನ್‌ಗೆ ಬಿಡಬೇಡಿ ಎಂಬುದು ಈ ಕಸುಬಿನ ಹಳೇ ಜೋಕು, ಕೆಟ್ಟರೆ ಶನಿವಾರ ಭಾನುವಾರ ಹಾಳು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಹೋದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಆ ದಿನ ಶುಕ್ರವಾರ. ನೇಮಕಾತಿಯ ಜೋಕುಗಳೂ ಹೀಗೆಯೇ ನಿಜಕ್ಕೆ ಹತ್ತಿರ. ಹುಟ್ಟಿ ಎರಡು ವರ್ಷವಾಗದ ತಂತ್ರಜ್ಞಾನದಲ್ಲಿ ನಾಲ್ಕು ವರ್ಷದ ಅನುಭವ ಕೇಳುತ್ತಾರೆ ಎಂದು ಎಲ್ಲರೂ ನಗುತ್ತಿದ್ದರು. ಫಾಸ್ಟ್‌ಎಪಿಐ ಎಂಬ ತಂತ್ರಾಂಶವನ್ನು ಸೃಷ್ಟಿಸಿದ ಸೆಬಾಸ್ಟಿಯನ್ ರಮಿರೆಜ್ 2020ರಲ್ಲಿ ಅಂಥದ್ದೇ ಒಂದು ಜಾಹೀರಾತನ್ನು ಕಂಡರು. ಅದರಲ್ಲಿ ಫಾಸ್ಟ್‌ಎಪಿಐನಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಬೇಕಿತ್ತು. ಅವರು ಅದನ್ನು ಕಟ್ಟಿ ಆಗಿನ್ನೂ ಒಂದೂವರೆ ವರ್ಷವಾಗಿತ್ತು. ಸೃಷ್ಟಿಸಿದವನಿಗೇ ಅರ್ಹತೆಯಿಲ್ಲದ ಹುದ್ದೆ! ಇದನ್ನು ಉತ್ಪ್ರೇಕ್ಷೆ ಎನ್ನುವಂತಿಲ್ಲ, ವರದಿ ಎನ್ನಬೇಕು.

ಸಾಕ್ಷ್ಯಕ್ಕೆ ಒಂದು ಮಿತಿಯಿದೆ, ಅದನ್ನೂ ಹೇಳಬೇಕು. ಜೋಕು ನಡೆದುಹೋದದ್ದಕ್ಕೆ ಸಾಕ್ಷಿಯಾಗಬಲ್ಲದು, ನಡೆಯಲಿರುವುದಕ್ಕಲ್ಲ. ಪ್ರೋಗ್ರಾಮರುಗಳ ಕಾಲ ಮುಗಿಯಿತು ಎಂಬ ಸುದ್ದಿಯನ್ನು ಈ ಜನ ತಲೆಮಾರುಗಳಿಂದ ಗೇಲಿ ಮಾಡುತ್ತಿದ್ದಾರೆ. 1959ರಲ್ಲಿ ಕೋಬಾಲ್ ಭಾಷೆಯನ್ನು ರೂಪಿಸುವಾಗಲೇ, ಇಂಗ್ಲಿಷ್ ವಾಕ್ಯದಂತೆ ಕಾಣುವುದರಿಂದ ಪ್ರೋಗ್ರಾಮರ್ ಅಲ್ಲದವರೂ ಅದನ್ನು ಓದಿಕೊಳ್ಳಬಹುದು ಎಂಬ ಆಸೆಯಿತ್ತು. ಆದದ್ದು ಬೇರೆ, ಕೋಬಾಲ್ ಬಲ್ಲವರದೇ ಒಂದು ದೊಡ್ಡ ವರ್ಗ ಹುಟ್ಟಿಕೊಂಡಿತು. ಹಾಗೆಂದು 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯ ನಂತರದ ಬದಲಾವಣೆಯನ್ನೂ ಅದೇ ತಕ್ಕಡಿಯಲ್ಲಿ ತೂಗಿ ನಕ್ಕುಬಿಟ್ಟರೆ ಲೆಕ್ಕ ತಪ್ಪೀತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇ. 2ರಷ್ಟು, ಎಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ದಿನವೂ ಕಂಡುಂಡ ಕೆಲಸದ ರೀತಿಯ ಬಗ್ಗೆ ಜೋಕು ಹೇಳುವುದನ್ನು ನಂಬಬಹುದು. ನಾಳೆಯ ಬಗ್ಗೆ ಅದು ಕೊಡುವ ಧೈರ್ಯವನ್ನು ನಂಬಿ ಕೂರಬಾರದು.

ಇಷ್ಟು ತಿಳಿದವರು ನೇರವಾಗಿ ಹೇಳದೆ ಜೋಕಿನಲ್ಲೇ ಏಕೆ ಹೇಳುತ್ತಾರೆ? ಬೆಳಗಿನ ಸ್ಟ್ಯಾಂಡಪ್ ಮೀಟಿಂಗನ್ನೇ ನೋಡಿ. ಹದಿನೈದು ನಿಮಿಷದ ಆ ಸಭೆಯಲ್ಲಿ ಪ್ರತಿಯೊಬ್ಬರೂ ಮೂರು ಪ್ರಶ್ನೆಗೆ ಉತ್ತರಿಸಬೇಕು: ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ನಿಮ್ಮ ಕೆಲಸಕ್ಕೆ ಅಡ್ಡಿ ಏನಿದೆ. ಮೂರನೆಯದನ್ನು ಇಟ್ಟಿರುವುದೇ ತೊಂದರೆ ಹೇಳಿಕೊಳ್ಳಲೆಂದು. ಆದರೆ ಅದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ, ‘ಏನೂ ಇಲ್ಲ’. ಅಡ್ಡಿ ಇದೆ ಎಂದರೆ ಅದು ಮ್ಯಾನೇಜರ್ ಮೇಲೋ ಪಕ್ಕದ ತಂಡದ ಮೇಲೋ ದೂರಾಗಿ ಅಪ್ರೈಸಲ್ ಹೊತ್ತಿಗೆ ಎದುರು ಬಂದು ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸಭೆಯಲ್ಲಿ ನುಂಗಿದ ಮಾತು ಮಧ್ಯಾಹ್ನದ ಕಾಫಿಗೆ ಜೋಕಾಗಿ ಹೊರಬರುತ್ತದೆ. ಇದು ಬರೀ ಸ್ವಭಾವದ ಅಂಜಿಕೆಯಲ್ಲ. ನೌಕರಿಯ ಷರತ್ತುಗಳನ್ನು ಲಿಖಿತವಾಗಿ ಪ್ರಕಟಿಸಿ ಪ್ರಮಾಣೀಕರಿಸಬೇಕೆಂದು ಹೇಳುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರಕಾರ 2014ರಿಂದಲೂ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತ ಬಂತು. ಪ್ರತಿಯಾಗಿ ಕಂಪನಿಗಳು ಕುಂದುಕೊರತೆ ಸಮಿತಿ ರಚಿಸಬೇಕು, ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿದ್ದವು. ದೂರು ಹೇಳುವ ದಾರಿ ಕಾಗದದ ಮೇಲೆ ಇತ್ತು. ಆ ಕಾಗದದ ಸುದ್ದಿ ಎಷ್ಟು ನೌಕರರಿಗೆ ತಲುಪಿತ್ತು? ಈ ಸೀಮೆಯ ಮೂಡಲಪಾಯ ಬಯಲಾಟದಲ್ಲಿ ಹಾಸ್ಯಗಾರನಿಗೆ ರಂಗದ ಮೇಲೆ ರಾಜನನ್ನೂ ಕೆಣಕುವ ಸಲಿಗೆ ಇರುತ್ತದೆ, ಬೆಳಗಾದ ಮೇಲೆ ಊರ ಗೌಡನ ಮುಂದೆ ಅದು ನಡೆಯದು. ಟೆಕ್ಕಿಗೆ ಸಿಕ್ಕಿರುವುದೂ ರಂಗದ ಸಲಿಗೆಯೇ.

ಅಷ್ಟಕ್ಕೇ ತೃಪ್ತರಾದರೆ ಏನಾಗುತ್ತದೆ ಎಂಬುದಕ್ಕೆ ಕೆಲಸದ ಗಂಟೆಗಳ ಪ್ರಸಂಗ ಸಾಕು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಹಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತು ಆಡಿದ್ದು ಹೊರಬಿತ್ತು. ನಾಡೆಲ್ಲ ನಕ್ಕಿತು. ಆ ನಗೆಯಲ್ಲಿ 70 ಮತ್ತು 90 ಎಲ್ಲರ ಬಾಯಿಗೂ ಬಂದವು. 48 ಎಂಬ ಸಂಖ್ಯೆ ಮಾತ್ರ ಕೇಳಿಸಿದ್ದು ಅಪರೂಪ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿ. ಹೆಚ್ಚುವರಿ ದುಡಿಮೆ ಮೂರು ತಿಂಗಳಿಗೆ 50 ಗಂಟೆ ಮೀರುವಂತಿಲ್ಲ, ಅದಕ್ಕೆ ಎರಡು ಪಟ್ಟು ಕೂಲಿ ಕೊಡಬೇಕು. ವಾರಕ್ಕೆ 70 ಗಂಟೆ ದುಡಿದವನು 22 ಗಂಟೆ ಹೆಚ್ಚು ದುಡಿದಂತಾಯಿತು. ಮೂರು ತಿಂಗಳ ಮಿತಿ ಮೂರನೇ ವಾರದಲ್ಲೇ ಮುಗಿಯುತ್ತದೆ. ಉಪದೇಶವನ್ನು ಗೇಲಿ ಮಾಡಿದವರು ಅದು ಕಾನೂನಿಗೆ ಹೊರತಾದ ಮಾತು ಎಂದು ಹೇಳಲು ಮರೆತರು. 2024ರ ಜುಲೈನಲ್ಲಿ ಐಟಿ ನೌಕರರ ಕೆಲಸದ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಸರಕಾರದ ಮುಂದೆ ಬಂದಾಗ ಕಾಯ್ದೆ ಹಿಡಿದು ಮಾತಾಡಿದ್ದು ಕಿಟು, ಎಂದರೆ 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ. ಅದು ಕಾರ್ಮಿಕ ಸಚಿವರನ್ನು ಕಂಡಿತು, ಬೀದಿಗಿಳಿಯಿತು. ಮರುವರ್ಷ ಅದೇ ಯೋಚನೆ ಬೇರೆ ರೂಪದಲ್ಲಿ ಬಂದಾಗಲೂ ಎದುರು ನಿಂತಿತು.

ನಗೆಯನ್ನು ಇಷ್ಟು ಹಗುರ ಮಾಡುವುದು ಸರಿಯೇ, ಅಧಿಕಾರದ ಮುಖವಾಡ ಕಳಚುವ ಶಕ್ತಿ ಅದಕ್ಕಿಲ್ಲವೇ ಎಂದು ಕೇಳಬಹುದು. ಇದೆ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕ ಸಾವಿರಾರು ಪ್ರದರ್ಶನ ಕಂಡಿತು. ಲಂಚ ತಿನ್ನುವವರ ಬಗ್ಗೆ ಇದ್ದ ಅಂಜಿಕೆಯನ್ನು ಅದು ಕರಗಿಸಿತು ಎಂದರೆ ತಪ್ಪಾಗದು. ಆದರೆ ತಾಲ್ಲೂಕು ಕಚೇರಿಯ ಮೇಜಿನ ಮುಂದೆ ನಿಂತ ರೈತನ ಕೈಗೆ ಆಯುಧ ಕೊಟ್ಟಿದ್ದು 1984ರ ಲೋಕಾಯುಕ್ತ ಕಾಯ್ದೆ, 2005ರ ಮಾಹಿತಿ ಹಕ್ಕು ಕಾಯ್ದೆ. ನಗೆ ನೆಲ ಹದ ಮಾಡಬಹುದು, ಬಿತ್ತುವ ಕೆಲಸವನ್ನು ಬೇರೆಯಾಗಿಯೇ ಮಾಡಬೇಕು.

ಇನ್ನೊಂದು ಆಕ್ಷೇಪ ಖಾರದ್ದು: ಎಸಿ ಕೋಣೆಯಲ್ಲಿ ಕೂತು ಲಕ್ಷಗಟ್ಟಲೆ ಎಣಿಸುವವರಿಗೆ ಎಂಥ ಕಷ್ಟ? ಲಕ್ಷಗಟ್ಟಲೆ ಎಣಿಸುವವರು ಇದ್ದಾರೆ. ಆದರೆ ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬರ ವಾರ್ಷಿಕ ಸಂಬಳ ಹತ್ತು ವರ್ಷಕ್ಕೂ ಮಿಕ್ಕಿ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಷ್ಟು ಕಾಲದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ನಿಂತಿಲ್ಲ. 2022ರಲ್ಲೇ ಆಯ್ಕೆಯಾಗಿ, ಜಾಯ್ನಿಂಗ್ ಡೇಟ್‌ಗೆ ಎರಡು ವರ್ಷ ಕಾದು ಸೇರಿದ್ದ ಮುನ್ನೂರಕ್ಕೂ ಹೆಚ್ಚು ತರಬೇತಿ ನೌಕರರನ್ನು ಇನ್ಫೋಸಿಸ್ 2025ರ ಫೆಬ್ರವರಿಯಲ್ಲಿ ಮೈಸೂರಿನ ಕ್ಯಾಂಪಸ್ಸಿನಿಂದ ಕಳಿಸಿತು. ಮೂರು ಅವಕಾಶಗಳಲ್ಲೂ ಪರೀಕ್ಷೆ ಪಾಸಾಗಲಿಲ್ಲ, ಈ ಷರತ್ತು ಒಪ್ಪಂದದಲ್ಲೇ ಇತ್ತು ಎಂಬುದು ಕಂಪನಿಯ ವಾದ. ಷರತ್ತು ಇತ್ತೆಂದೇ ಇಟ್ಟುಕೊಳ್ಳೋಣ. ಆಫರ್ ಲೆಟರ್ ಕೈಗೆ ಬಂದರೂ ಕೆಲಸ ಕೈಗೆ ಬರುವುದಿಲ್ಲ ಎಂಬ ಜೋಕು ಆ ಹೊತ್ತಿಗಾಗಲೇ ಒಳಗಿನವರಲ್ಲಿ ಹಳತಾಗಿತ್ತು. ಸಾಲ ಮಾಡಿ ಓದಿಸಿದ ಎಷ್ಟು ಅಪ್ಪಂದಿರಿಗೆ ಅದು ಗೊತ್ತಿತ್ತು ಎಂಬುದೇ ಪ್ರಶ್ನೆ.

ನಿಡುಗಲ್ ಸೀಮೆಯ ಮಾತು ಬರುವುದು ಇಲ್ಲಿ. ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಹೇಳಿಕೊಳ್ಳುವಂಥ ಐಟಿ ಕಂಪನಿಯಿಲ್ಲ, ಆದರೆ ಐಟಿ ಕೆಲಸಕ್ಕೆ ಹೊರಟ ಮಕ್ಕಳಿದ್ದಾರೆ. ತುಮಕೂರಿನ ಎಸ್ಐಟಿಯಲ್ಲೋ ಎಸ್ಎಸ್ಐಟಿಯಲ್ಲೋ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಬಸ್ ಹತ್ತುವವರು. ಪಾವಗಡದ ತಿರುಮಣಿ ಸುತ್ತ 13 ಸಾವಿರ ಎಕರೆಯ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ರೈತನಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಹೊಸ ಇಂಜಿನಿಯರ್ ಮಗಳ ಒಂದು ತಿಂಗಳ ಸಂಬಳ ಹೆಚ್ಚೂಕಡಿಮೆ ಅಷ್ಟೇ. ಎಕರೆಯ ವರ್ಷ ಒಂದು ಕಡೆ, ಮಗಳ ತಿಂಗಳು ಇನ್ನೊಂದು ಕಡೆ ಇರುವ ಮನೆಯಲ್ಲಿ ಆ ಕೆಲಸವನ್ನು ಯಾರೂ ಗೇಲಿ ಮಾಡುವುದಿಲ್ಲ. ಅವಳೂ ಮನೆಯಲ್ಲಿ ಮಾಡುವುದಿಲ್ಲ. ಊರಿಗೆ ತಲುಪುವುದು ಪ್ಯಾಕೇಜ್ ಎಷ್ಟು ಎಂಬ ಒಂದೇ ಸಂಖ್ಯೆ. ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್, ಬೆಂಚ್, ದುಡ್ಡು ತೆಗೆದುಕೊಂಡು ಕೆಲಸ ಕೊಡಿಸುವ ನಕಲಿ ಕನ್ಸಲ್ಟೆನ್ಸಿಗಳ ಸುದ್ದಿಯೆಲ್ಲ ಬೆಂಗಳೂರಿನಲ್ಲೇ, ಅದೂ ಇಂಗ್ಲಿಷಿನಲ್ಲೇ ಉಳಿಯುತ್ತದೆ. ನಗರದಲ್ಲಿ ಬೆಳೆದ, ಅಣ್ಣ ಅಕ್ಕಂದಿರು ಈಗಾಗಲೇ ಉದ್ಯಮದಲ್ಲಿರುವ ಹುಡುಗನಿಗೆ ಈ ಜೋಕುಗಳು ಕಾಲೇಜಿನಲ್ಲೇ ಸಿಕ್ಕ ಪಾಠ. ಮನೆತನದಲ್ಲೇ ಮೊದಲು ಇಂಜಿನಿಯರ್ ಆದವಳಿಗೆ ಅದೇ ಪಾಠ ಪೆಟ್ಟು ಬಿದ್ದ ಮೇಲೆ ಸಿಗುತ್ತದೆ. ಒಂದೇ ಮಾತು ಒಬ್ಬನಿಗೆ ಮೊದಲೇ, ಇನ್ನೊಬ್ಬಳಿಗೆ ತಡವಾಗಿ ಸಿಕ್ಕರೆ ಅದೂ ಅಸಮಾನತೆಯೇ.

ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ. ಕಾಲೇಜುಗಳ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಆಪ್ಟಿಟ್ಯೂಡ್ ಲೆಕ್ಕ, ಇಂಗ್ಲಿಷ್ ಮಾತು ಹೇಳಿಕೊಡುವ ಹಾಗೆಯೇ 48 ಗಂಟೆಯ ಮಿತಿ, ಬಾಂಡಿನ ಷರತ್ತು, ರಿಲೀವಿಂಗ್ ಲೆಟರ್, ಕಾರ್ಮಿಕ ಇಲಾಖೆಯ ವಿಳಾಸವನ್ನೂ ಹೇಳಿಕೊಡಬಹುದು. ಈ ತಾಲ್ಲೂಕುಗಳಿಂದ ಹೋಗಿ ನೆಲೆ ನಿಂತ ಹಿರಿಯರು ತಾವು ಗೆಳೆಯರ ನಡುವೆ ನಕ್ಕದ್ದನ್ನು ಕಿರಿಯರಿಗೂ ಅವರ ಮನೆಯವರಿಗೂ ಕನ್ನಡದಲ್ಲಿ, ಪಾವಗಡದ ಕಡೆಯಾದರೆ ತೆಲುಗಿನಲ್ಲೂ, ಬಿಡಿಸಿ ಹೇಳಬಹುದು. ಬಿಡಿಸಿ ಹೇಳಿದರೆ ಜೋಕಿನ ಸ್ವಾರಸ್ಯ ಕೆಡುತ್ತದೆ ಎನ್ನುವವರಿದ್ದಾರೆ. ಕೆಡಲಿ. ನಾಲ್ಕು ವರ್ಷದ ಅನುಭವ ಕೇಳುವ ಜಾಹೀರಾತು, ಅಡ್ಡಿ ‘ಏನೂ ಇಲ್ಲ’ ಎನ್ನುವ ಸಭೆ, ಎರಡು ವರ್ಷ ಕಾಯಿಸುವ ಆಫರ್ ಲೆಟರ್ ಇರುವವರೆಗೆ ಹೊಸ ಜೋಕಿಗೇನೂ ಬರಗಾಲವಿಲ್ಲ. ಬರ ಇರುವುದು ಅದನ್ನು ದೂರಾಗಿ ಬರೆದು ಸಹಿ ಹಾಕುವವರಿಗೆ.