ಚುಕ್ಕಿ ಸಾಲದು, ಸುತ್ತುಗೆರೆ ಬೇಕು

ಹಂಪಿ ಬಜಾರಿನಲ್ಲಿ ನಿಂತು ಫೋನಿನಲ್ಲಿ ನಕ್ಷೆ ತೆಗೆದು ನೋಡಿ. ವಿರೂಪಾಕ್ಷ ಗುಡಿ ಇರುವಲ್ಲಿ ಒಂದು ಚುಕ್ಕಿ ಕಾಣುತ್ತದೆ. ದಾರಿ ಹುಡುಕಿಕೊಂಡು ಬರುವ ಪ್ರವಾಸಿಗೆ ಆ ಚುಕ್ಕಿ ಸಾಕು. ಇಲ್ಲೇ ಹುಟ್ಟಿ ಬೆಳೆದು, ಮನೆ ಮೇಲೊಂದು ಕೋಣೆ ಕಟ್ಟಬೇಕು ಅನ್ನುವವರಿಗೆ ಅದು ಸಾಲದು.

ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಲು ಅನುಮತಿ ಬೇಕು. ಕಾಯ್ದೆ ಹೇಳುವುದು 'ಎಲ್ಲೆಯಿಂದ' ಎಂದು, ಚುಕ್ಕಿಯಿಂದ ಅಲ್ಲ. ಗೋಪುರದಿಂದ ಎದುರು ಬಸವಣ್ಣನವರೆಗೆ ಬಜಾರು ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ. ಗುಡಿಯ ಚುಕ್ಕಿಯಿಂದ ಅಳೆದರೆ ಬಸವಣ್ಣನ ಹತ್ತಿರದ ಜಾಗ ಹೊರಗೆ. ಮಂಟಪದ ಸಾಲುಗಳನ್ನೂ ಸೇರಿಸಿ ಎಲ್ಲೆ ಎಳೆದು ಅಳೆದರೆ ಅದೇ ಜಾಗ ಒಳಗೆ. ಜಾಗ ಬದಲಾಗಿಲ್ಲ, ಅಳತೆ ಶುರುವಾದ ಕಡೆ ಬದಲಾಗಿದೆ.

ಕಂಪ್ಯೂಟರಿನಲ್ಲಿ ಜಾಗವನ್ನು ಬರೆದಿಡಲು ಮುಖ್ಯವಾಗಿ ಮೂರು ರೂಪಗಳಿವೆ. ಬೋರ್‌ವೆಲ್‌ಗೆ ಚುಕ್ಕಿ, ಕಾಲುವೆಗೆ ಗೆರೆ, ಹೊಲಕ್ಕೆ ಸುತ್ತುಗೆರೆ. ಸುತ್ತುಗೆರೆಗೆ ಪಾಲಿಗನ್ ಅಂತಾರೆ. ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ನಡೆದು, ಹೊರಟಲ್ಲಿಗೇ ಬಂದು ಮುಟ್ಟಿದ ಹಾಗೆ. ಈ ರೂಪಗಳನ್ನು ಹೇಗೆ ಬರೆಯಬೇಕು, ಒಳಗೋ ಹೊರಗೋ ಎಂದು ಹೇಗೆ ಕೇಳಬೇಕು ಅನ್ನುವುದಕ್ಕೆ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಮಾನದಂಡ ಮಾಡಿದೆ. ಪೋಸ್ಟ್‌ಜಿಐಎಸ್ ಎಂಬ ಉಚಿತ ತಂತ್ರಾಂಶ ಅದನ್ನು ಪಾಲಿಸುತ್ತದೆ.

ಮಾನದಂಡ ಪಾಲಿಸದಿದ್ದರೆ ಏನಾಗುತ್ತದೆ? ಜಗತ್ತಿನಲ್ಲಿ ಬಹಳ ಜನ ಬಳಸುವ ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳು 'ಒಳಗಿದೆಯೇ' ಎಂದು ಕೇಳಿದರೆ ಹೊಲದ ನಿಜವಾದ ಆಕಾರ ನೋಡುತ್ತಿರಲಿಲ್ಲ. ಅದರ ಸುತ್ತ ಒಂದು ಚೌಕಟ್ಟು ಹಾಕಿ, ಚೌಕಟ್ಟಿನೊಳಗೆ ಬಿದ್ದರೆ ಒಳಗೆ ಎನ್ನುತ್ತಿದ್ದವು. 5.6ನೇ ಆವೃತ್ತಿಯಲ್ಲಷ್ಟೇ ನಿಜ ಆಕಾರ ನೋಡುವ ವ್ಯವಸ್ಥೆ ಬಂತು. ತುಂಗಭದ್ರೆ ಸೊಟ್ಟಗೆ ತಿರುಗುವ ನಮ್ಮ ಕಡೆ ಇಂಥ ಚೌಕಟ್ಟು ಹಾಕಿದರೆ ಆಚೆ ದಂಡೆಯ ಗದ್ದೆಯೂ ಈಚೆ ಊರಿನ ಲೆಕ್ಕಕ್ಕೆ ಬಂದೀತು. ಇನ್ನೊಂದು ಎಡವಟ್ಟೂ ಇದೆ. ಹಂಪಿ ಇರುವುದು ಸುಮಾರು 15.3 ಉತ್ತರ ಅಕ್ಷಾಂಶ, 76.5 ಪೂರ್ವ ರೇಖಾಂಶದಲ್ಲಿ. ಯಾವುದು ಮೊದಲು ಎಂಬ ಒಪ್ಪಂದವಿಲ್ಲದೆ ಎರಡನ್ನೂ ಅದಲು ಬದಲು ಮಾಡಿದರೆ ಹಂಪಿ ಹೋಗಿ ಉತ್ತರ ಧ್ರುವದ ಕಡೆಯ ಹಿಮಸಮುದ್ರದಲ್ಲಿ ಬೀಳುತ್ತದೆ!

ಇದು ಬರೀ ಎಂಜಿನಿಯರುಗಳ ತಲೆನೋವಲ್ಲ. 2011ರ ಜುಲೈನಲ್ಲಿ ಹಂಪಿ ಬಜಾರಿನ ಅಂಗಡಿ, ಮನೆಗಳಿಗೆ ಜೆಸಿಬಿ ಬಂದಿದ್ದು ನಮಗೆಲ್ಲ ನೆನಪಿದೆ. ಹೊಳೆಯಾಚೆ ವಿರೂಪಾಪುರ ಗಡ್ಡಿಯ ಹೋಟೆಲು, ರೆಸಾರ್ಟುಗಳ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗಡ್ಡಿ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆಯೇ ಎಂಬುದೂ ಅಲ್ಲಿನ ಪ್ರಶ್ನೆಯಾಗಿತ್ತು. ಬರುತ್ತದೆ ಎಂದು 2020ರ ಫೆಬ್ರವರಿಯಲ್ಲಿ ತೀರ್ಪಾಯಿತು, ಮಾರ್ಚ್‌ನಲ್ಲಿ ತೆರವೂ ಆಯಿತು. ಕಟ್ಟಿದ್ದು ಸರಿ ಎಂದು ನಾನು ವಾದಿಸುತ್ತಿಲ್ಲ. ಒಳಗೋ ಹೊರಗೋ ಎಂಬ ಪ್ರಶ್ನೆಗೆ ಉತ್ತರ ಬುನಾದಿ ತೋಡುವ ಮೊದಲೇ ಸಿಗಬೇಕು, ಕಟ್ಟಿ ವರ್ಷಗಳಾದ ಮೇಲೆ ದೆಹಲಿಯಲ್ಲಿ ಅಲ್ಲ. ನನ್ನ ವಾದ ಇಷ್ಟೇ.

ಹಂಪಿ ವಿಶ್ವ ಪರಂಪರೆ ಪ್ರದೇಶದಲ್ಲಿ 29 ಹಳ್ಳಿಗಳಿವೆ. ಹೊಳೆಯ ಈಚೆ ವಿಜಯನಗರ ಜಿಲ್ಲೆ, ಆಚೆ ಆನೆಗೊಂದಿ ಕಡೆ ಕೊಪ್ಪಳ ಜಿಲ್ಲೆ. ಕೇಂದ್ರದ ಪುರಾತತ್ವ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ, ಹಂಪಿ ಪ್ರಾಧಿಕಾರ, ಕಂದಾಯ ಇಲಾಖೆ, ಎಲ್ಲರಿಗೂ ಇಲ್ಲಿ ಕೆಲಸವಿದೆ. ಇಷ್ಟು ಜನರ ನಕ್ಷೆಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕಾದರೆ ಎಲ್ಲವೂ ಒಂದೇ ಮಾನದಂಡದಲ್ಲಿರಬೇಕು.

ಹಾಗಾಗಿ ಕೇಳಬೇಕಾದ್ದು ಮೂರು. ಒಂದು, ಪ್ರತಿ ಸ್ಮಾರಕಕ್ಕೂ ಕೋರ್ ವಲಯಕ್ಕೂ ಚುಕ್ಕಿಯ ಬದಲು ಸುತ್ತುಗೆರೆ ಎಳೆದು, ಸರ್ವೆ ನಂಬರ್, ಹಿಸ್ಸಾ ಸಮೇತ ಯಾರು ಬೇಕಾದರೂ ಇಳಿಸಿಕೊಳ್ಳುವ ರೂಪದಲ್ಲಿ ಕೊಡಬೇಕು. ಎರಡು, ಫೋನಿನಲ್ಲೇ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಆ ಗೆರೆಗಳು ಸ್ಪಷ್ಟವಾಗಿ ಕಾಣಬೇಕು. ಮೂರು, ಅದೇ ನಕ್ಷೆ ಗ್ರಾಮ ಪಂಚಾಯಿತಿಯ ಗೋಡೆ ಮೇಲೂ ಇರಬೇಕು. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಲು ಅವಕಾಶವೂ ಇರಬೇಕು.

ನಕ್ಷೆ ಬಿಟ್ಟುಕೊಟ್ಟರೆ ಬ್ರೋಕರುಗಳಿಗೆ ಅನುಕೂಲ ಎನ್ನುವವರಿದ್ದಾರೆ. ಬ್ರೋಕರಿಗೆ ಗೆರೆ ಎಲ್ಲಿದೆ ಎಂದು ಪತ್ತೆ ಮಾಡುವ ದಾರಿ ಗೊತ್ತು. ಗೊತ್ತಿಲ್ಲದಿರುವುದು ಸಾಲ ಮಾಡಿ ಇಟ್ಟಿಗೆ ತರಿಸಿದವರಿಗೆ. ಫೋನಿನ ನಕ್ಷೆ ಸರ್ವೇಯರ್ ಅಳತೆಗೆ ಬದಲಿಯಲ್ಲ, ನಿಜ. ಆದರೆ ಯಾವ ಕಚೇರಿಗೆ ಹೋಗಿ ಏನು ಕೇಳಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

ಹೊಲದ ಬದುವಿಗೆ ಬಾಂದುಕಲ್ಲು ನೆಟ್ಟವರು ಅದನ್ನು ಎಲ್ಲರಿಗೂ ಕಾಣುವಂತೆಯೇ ನೆಟ್ಟರು. ಈ ಗೆರೆಯೂ ಹಾಗೇ ಕಾಣಲಿ.