ಹಳೆಯ ವಿಮಾ ಪಾಲಿಸಿಗಳನ್ನು ರದ್ದಿಗೆ ಹಾಕುವ ಮುನ್ನ

ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರು ಬಂದುದು ಶೇಂಗಾ ಎಣ್ಣೆ ಗಿರಣಿಗಳಿಂದ. ಅವುಗಳಲ್ಲಿ ಅನೇಕವು ಮುಚ್ಚಿವೆ. ಗಿರಣಿ ನಿಂತರೂ ಅದರ ನೆಲಕ್ಕೆ ಬೆಲೆಯಿದೆ. ಅಂತಹ ಜಾಗದ ಕ್ರಯದ ಮಾತುಕತೆಯಲ್ಲಿ ಋಣಭಾರ ಪತ್ರ, ಖಾತೆ, ಭೂಪರಿವರ್ತನೆಯ ಆದೇಶ ಇವೆಲ್ಲವನ್ನೂ ಕೇಳುತ್ತೇವೆ. ನೆಲದೊಳಗೆ ಏನು ಇಳಿದಿದೆಯೆಂದು ಮಾತ್ರ ಕೇಳುವುದಿಲ್ಲ. ಗಾಣದ ಎಣ್ಣೆ ಚೆಲ್ಲಿದ್ದರೆ ಅದು ದೊಡ್ಡ ಮಾತಲ್ಲ. ಆದರೆ ಹಿಂಡಿಯಿಂದ ಎಣ್ಣೆ ತೆಗೆಯಲು ಹೆಕ್ಸೇನ್ ಬಳಸಿದ ಸಾಲ್ವೆಂಟ್ ಘಟಕ, ನೆಲದಡಿಯ ಇಂಧನ ತೊಟ್ಟಿ ಅಥವಾ ಮೊಳಕಾಲ್ಮೂರಿನಂತಹ ರೇಷ್ಮೆ ಕೇಂದ್ರದಲ್ಲಿ ವರ್ಷಗಟ್ಟಲೆ ಬಣ್ಣದ ನೀರು ಇಂಗಿದ ಹಿತ್ತಲು ಇದ್ದರೆ ವಿಷಯ ಬೇರೆಯಾಗುತ್ತದೆ.

ಕೇಂದ್ರ ಸರ್ಕಾರವು 2025ರ ಜುಲೈನಲ್ಲಿ ಕಲುಷಿತ ನಿವೇಶನಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಸಂದೇಹಾಸ್ಪದ ನಿವೇಶನಗಳನ್ನು ಗುರುತಿಸುವುದು, ಪರೀಕ್ಷಿಸುವುದು, ಹೊಣೆಗಾರನಿಂದ ಶುದ್ಧೀಕರಣದ ವೆಚ್ಚ ವಸೂಲು ಮಾಡುವುದು ಇವುಗಳ ತಿರುಳು. ತತ್ತ್ವ ಹೊಸದಲ್ಲ. ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಗ್ರಾಮದಲ್ಲಿ, ಬಣ್ಣದ ತಯಾರಿಕೆಗೆ ಬೇಕಾದ ಎಚ್-ಆ್ಯಸಿಡ್ ಉತ್ಪಾದಿಸುತ್ತಿದ್ದ ಕಾರ್ಖಾನೆಗಳು 1980ರ ದಶಕದ ಕೊನೆಯಲ್ಲಿ ಬಾವಿಗಳ ನೀರನ್ನು ಕೆಡಿಸಿದವು. ಕೆಡಿಸಿದವನೇ ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. 2011ರಲ್ಲಿಯೂ ಅದೇ ಪ್ರಕರಣದಲ್ಲಿ 37.385 ಕೋಟಿ ರೂಪಾಯಿಗಳನ್ನು ಚಕ್ರಬಡ್ಡಿ ಸಹಿತ ಕಟ್ಟುವಂತೆ ಆದೇಶಿಸಿತು. ಕಾರ್ಖಾನೆಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಹೊಣೆ ಮುಚ್ಚಿಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಈ ಹಣ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ 1980ರ ಸೂಪರ್‌ಫಂಡ್ ಕಾಯಿದೆ ಬಂದ ಮೇಲೆ ಅಲ್ಲಿನ ಉದ್ಯಮಿಗಳು ದಶಕಗಳ ಹಿಂದಿನ ಹೊಣೆಗಾರಿಕೆ ವಿಮಾ ಪಾಲಿಸಿಗಳನ್ನು ಹುಡುಕತೊಡಗಿದರು. ಆ ಪಾಲಿಸಿಗಳು ಘಟನೆಯ ಆಧಾರದವು. ಅಂದರೆ ಹಾನಿಯು ಪಾಲಿಸಿಯ ಅವಧಿಯಲ್ಲಿ ಸಂಭವಿಸಿದ್ದರೆ ಸಾಕು, ಕ್ಲೇಮು ಮೂವತ್ತು ವರ್ಷಗಳ ನಂತರ ಬಂದರೂ ವಿಮಾ ಕಂಪನಿ ಉತ್ತರಿಸಬೇಕು. 1980ರ ದಶಕದ ನಡುವಿನಲ್ಲಿ ಕಂಪನಿಗಳು ಮಾಲಿನ್ಯವನ್ನು ಸಂಪೂರ್ಣವಾಗಿ ಹೊರಗಿಡುವ ಷರತ್ತನ್ನು ತಂದವು; ಆದುದರಿಂದಲೇ ಅದಕ್ಕೂ ಹಿಂದಿನ ಕಾಗದಗಳಿಗೆ ಬೆಲೆ. ಇವನ್ನು ಶೋಧಿಸುವ ಕೆಲಸಕ್ಕೆ ಅಲ್ಲಿ ವಿಮಾ ಪುರಾತತ್ವವೆಂದೇ ಹೆಸರು. ಬ್ರಹ್ಮಗಿರಿಯ ಅಶೋಕ ಶಾಸನವಿರುವ ಮೊಳಕಾಲ್ಮೂರು ತಾಲ್ಲೂಕಿನವರಿಗೆ ಪುರಾತತ್ವದ ಅರ್ಥ ವಿವರಿಸಬೇಕಿಲ್ಲ. ಆದರೆ ನಮ್ಮ ಅಂಗಡಿಯ ಅಟ್ಟವೂ ಒಂದು ಉತ್ಖನನದ ಸ್ಥಳವೆಂದು ನಾವು ಎಣಿಸಿಲ್ಲ.

ಆ ಅನುಭವವನ್ನು ಇಲ್ಲಿಗೆ ಹಾಗೆಯೇ ಹೊಂದಿಸಿಕೊಳ್ಳುವುದು ಮಾತ್ರ ತಪ್ಪಾದೀತು. ಮೊದಲನೆಯದಾಗಿ, ಬ್ಯಾಂಕಿನ ಸಾಲಕ್ಕಾಗಿ ಮಾಡಿಸುವ ಬೆಂಕಿ ವಿಮೆ ನಮ್ಮ ಕಟ್ಟಡ, ಯಂತ್ರ, ದಾಸ್ತಾನಿಗೆ ಸಂಬಂಧಿಸಿದ್ದು. ನೆರೆಯವನ ಬಾವಿಗೆ ಅಲ್ಲ. ಎರಡನೆಯದಾಗಿ, ಭೋಪಾಲ್ ದುರಂತದ ನಂತರ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮದ ಉದ್ದೇಶ ಅಪಘಾತದಲ್ಲಿ ನೊಂದ ಹೊರಗಿನ ಜನರಿಗೆ ತತ್‌ಕ್ಷಣದ ಪರಿಹಾರ. ಅದರ ಮೂಲ ಅನುಸೂಚಿಯಲ್ಲಿ ಸಾವಿಗೆ 25,000 ರೂಪಾಯಿ, ಖಾಸಗಿ ಆಸ್ತಿಯ ಹಾನಿಗೆ 6,000 ರೂಪಾಯಿವರೆಗೆ ಎಂದಿತ್ತು. ನೆಲ ತೊಳೆಯುವ ಲೆಕ್ಕ ಅದರಲ್ಲಿ ಇರಲಿಲ್ಲ.

ಮೂರನೆಯದೇ ಮುಖ್ಯ. ಉದ್ದಿಮೆದಾರರು ಸ್ವಇಚ್ಛೆಯಿಂದ ಪಡೆಯುವ ಹೊಣೆಗಾರಿಕೆ ಪಾಲಿಸಿಗಳು ನಮ್ಮಲ್ಲಿ ಸಾಮಾನ್ಯವಾಗಿ ಕ್ಲೇಮಿನ ಆಧಾರದವು. ಘಟನೆಯು ಪಾಲಿಸಿಯಲ್ಲಿ ನಮೂದಿಸಿದ ಪೂರ್ವಾನ್ವಯ ದಿನಾಂಕದ ನಂತರ ನಡೆದಿರಬೇಕು. ಕ್ಲೇಮು ಕೂಡ ಪಾಲಿಸಿ ಜೀವಂತವಿರುವಾಗಲೇ ಬರಬೇಕು. ಒಂದು ವರ್ಷ ನವೀಕರಣ ತಪ್ಪಿದರೆ ಹಿಂದಿನ ವರ್ಷಗಳ ರಕ್ಷಣೆಯೆಲ್ಲ ಕಳಚಿಬೀಳಬಹುದು. ಗಿರಣಿ ಮುಚ್ಚಿದವನು ಮೊದಲು ನಿಲ್ಲಿಸುವುದು ಪ್ರೀಮಿಯಂ ಕಟ್ಟುವುದನ್ನು. ನಷ್ಟದಲ್ಲಿರುವವನಿಗೆ ಅದು ಸಹಜ. ಆದರೆ ಜಾಗ ಮಾರಾಟವಾಗಿ, ಕೊಂಡವನು ಕೊಳವೆಬಾವಿ ತೋಡಿ, ನೀರಿನ ತಕರಾರು ಎದ್ದ ದಿನ ಆ ಪಾಲಿಸಿ ಇರುವುದಿಲ್ಲ. ಜಾಗ ಕೈಬದಲಾಗುವವರೆಗಾದರೂ ಪಾಲಿಸಿಯನ್ನು ಉಳಿಸಿಕೊಳ್ಳುವುದು, ಪೂರ್ವಾನ್ವಯ ದಿನಾಂಕ ಮುಂದಕ್ಕೆ ಜಾರದಂತೆ ನೋಡಿಕೊಳ್ಳುವುದು ಲಾಭಕರವೆಂದು ನನ್ನ ಅಭಿಪ್ರಾಯ. ಮಾಲಿನ್ಯದ ರಕ್ಷಣೆ ಮೂಲ ಪಾಲಿಸಿಯಲ್ಲಿ ಇಲ್ಲದೆ, ಹೆಚ್ಚುವರಿ ಪ್ರೀಮಿಯಂಗೆ ಆಕಸ್ಮಿಕ ಮಾಲಿನ್ಯಕ್ಕಷ್ಟೇ ಸಿಗುವುದುಂಟು. ದಿನದಿನವೂ ಹನಿಹನಿಯಾಗಿ ಸೋರಿದ್ದು ಅದಕ್ಕೆ ಸೇರದು. ಸ್ವಂತ ನೆಲವೂ ಹೊಣೆಗಾರಿಕೆ ವಿಮೆಯ ಹೊರಗೇ. ಅಂತರ್ಜಲ ಅಥವಾ ನೆರೆಯವರ ನೆಲಕ್ಕೆ ತಗಲಿದ ಹಾನಿಯಲ್ಲಿ ಮಾತ್ರ ವಾದಕ್ಕೆ ಎಡೆಯಿದೆ.

ಇಷ್ಟಾದರೂ ಹಳೆಯ ಕಾಗದಗಳನ್ನು ಎಸೆಯಬೇಡಿರೆಂದೇ ಹೇಳುತ್ತೇನೆ. ಪಾಲಿಸಿಯ ಆಧಾರ ಯಾವುದೆಂದು ಅದನ್ನು ಓದದೆ ತಿಳಿಯದು. ಘಟನೆಯ ಆಧಾರದ ಒಂದು ಪಾಲಿಸಿ ಸಿಕ್ಕರೂ ಶ್ರಮ ಸಾರ್ಥಕ. ವಿಮೆ ಕೊಟ್ಟ ಕಂಪನಿಯೇ ಈಗಿಲ್ಲವೆಂದು ಕೈಚೆಲ್ಲಬೇಕಿಲ್ಲ. 1973ರ ಜನವರಿ 1ರಿಂದ ಸಾಮಾನ್ಯ ವಿಮಾ ವ್ಯವಹಾರ ರಾಷ್ಟ್ರೀಕರಣಗೊಂಡಾಗ 107 ವಿಮಾದಾರ ಸಂಸ್ಥೆಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕರಲ್ಲಿ ಸೇರಿದವು. ಹಳೆಯ ಹೆಸರಿಗೆ ಉತ್ತರಾಧಿಕಾರಿ ಇದ್ದೇ ಇದೆ. ಮನೆಯಲ್ಲಿ ಪಾಲಿಸಿ ಸಿಗದಿದ್ದರೆ ಬ್ಯಾಂಕಿನ ಸಾಲದ ಕಡತ, ಲೆಕ್ಕಪರಿಶೋಧಕರ ಬಳಿಯ ಪ್ರೀಮಿಯಂ ರಸೀದಿ, ಹಳೆಯ ಖಾತೆ ಪುಸ್ತಕದಲ್ಲಿನ ವಿಮೆಯ ನಮೂದು ಇವುಗಳನ್ನು ನೋಡಬಹುದು. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡಿ ಹಳೆಯದನ್ನು ರದ್ದಿಯವನಿಗೆ ಕೊಡುವ ಮೊದಲು ವಿಮೆಯ ಪುಟಗಳನ್ನಾದರೂ ತೆಗೆದಿಡಿ.

ಕೊಳ್ಳುವವರಿಗೂ ಒಂದು ಮಾತು. ಕ್ರಯಪತ್ರಕ್ಕೆ ಮುನ್ನ ಮಾರುವವರಿಂದ ಪಾಲಿಸಿಗಳ ನಕಲು ಕೇಳಿರಿ; ಮುಂದೆ ಕ್ಲೇಮು ಎದ್ದರೆ ಸಹಕರಿಸುವ ಷರತ್ತನ್ನು ಪತ್ರದಲ್ಲಿ ಬರೆಸಿರಿ; ಮಣ್ಣು, ನೀರುಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿರಿ. ಈ ಪರೀಕ್ಷೆ ಮಾರುವವರಿಗೂ ರಕ್ಷಣೆಯೇ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಬಂಡೆಯಿಂದಲೇ ಬರುತ್ತದೆ. ಮಾರಾಟದ ದಿನದ ವರದಿ ಕೈಯಲ್ಲಿದ್ದರೆ, ನಾಳೆ ಯಾರಾದರೂ ಆ ಫ್ಲೋರೈಡನ್ನು ಗಿರಣಿಯ ತಲೆಗೆ ಕಟ್ಟಲು ಬಂದಾಗ ಅದನ್ನೇ ಮುಂದಿಡಬಹುದು.